ಭಯಾನಕರಸದ ಕಥಾಕಾರ ಎಡ್ಗರ್ ಆಲನ್ ಪೋ

ಕೃತಿಯನ್ನು ನೋಡಿ ಕರ್ತೃವಿನ ಶೀಲವನ್ನು ಊಹಿಸುವ ರೂಢಿ ಲೋಕದಲ್ಲಿ ಬಹುಕಾಲದಿಂದ ಬಂದಿದೆ. ಶೃಂಗಾರವನ್ನು ಬರೆದವನು ವಿಲಾಸಿಯೆಂದೂ ಶಾಂತವನ್ನು ಬರೆದವನು ವಿರಕ್ತನೆಂದೂ ಎಣಿಸುವವರು, ಭಯಾನಕವನ್ನು ಬರೆದವನನ್ನು ಏನೆಂದು ಎಣಿಸುವರು? ಅಮೆರಿಕಾ ದೇಶದ ಎಡ್ಗರ್ ಆಲನ್ ಪೋ ಎಂಬ ಕಥಾಕಾರನಿಗೆ ಮರಣಾನಂತರ ಒದಗಿದ ಅಪಕೀರ್ತಿಯೇ ಇದಕ್ಕೆ ಉತ್ತರ.

ಪೋ ಬಾಸ್ಟನ್ ನಗರದಲ್ಲಿ ೧೮೦೯ನೆಯ ಇಸವಿ ಜನವರಿ ೧೯ರಂದು ಜನಿಸಿದನು. ತಾಯಿತಂದೆಗಳಿಬ್ಬರೂ ನಾಟಕದ ನಟರು. ತಂದೆ ಸಂಸಾರವನ್ನು ತೊರೆದು ಹೋದನು. ತಾಯಿ ೧೮೧೧ರಲ್ಲಿ ತೀರಿಕೊಂಡಳು. ಮೂರು ವರ್ಷ ತುಂಬದ ಆ ಶಿಶುವನ್ನು ರಿಚ್ಮಂಡ್ ನಗರದ ಜಾನ್ ಆಲನ್ ಎಂಬ ವರ್ತಕನು ಸಾಕಿದನು. ಅವನು ತನ್ನ ಹೆಸರನ್ನು ಕೊಟ್ಟನೇ ಹೊರತು ವಿಧಿಪೂರ್ವಕವಾಗಿ ದತ್ತು ತೆಗೆದುಕೊಳ್ಳಲಿಲ್ಲ. ೧೮೨೬ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯವನ್ನು ಸೇರಿದ ಪೋ, ಜೂಜಿನ ಸಾಲಕ್ಕೆ ಸಿಕ್ಕಿ ವರ್ಷದೊಳಗೆ ಓದನ್ನು ಬಿಡಬೇಕಾಯಿತು. ಮರುವರ್ಷ ಹೆಸರನ್ನು ಮರೆಸಿ ಸೇನೆಯನ್ನು ಸೇರಿದನು. ಅದೇ ವರ್ಷ ಅವನ ಮೊದಲ ಕವನಸಂಗ್ರಹವು ಕರ್ತೃವಿನ ಹೆಸರಿಲ್ಲದೆ ಅಚ್ಚಾಯಿತು. ೧೮೩೧ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕಶಾಲೆಯಿಂದ ಹೊರಹಾಕಲ್ಪಟ್ಟನು. ೧೮೩೪ರಲ್ಲಿ ಆಲನ್ ತೀರಿಕೊಂಡಾಗ ಮರಣಶಾಸನದಲ್ಲಿ ಪೋನಿಗೆ ಬಿಡಿಕಾಸೂ ಇರಲಿಲ್ಲ.

ಅನಂತರ ಲೇಖನಿಯೊಂದೇ ಜೀವನಾಧಾರವಾಯಿತು. ೧೮೩೬ರಲ್ಲಿ ಸೋದರತ್ತೆಯ ಮಗಳಾದ ಹದಿಮೂರು ವರ್ಷದ ವರ್ಜೀನಿಯಾಳನ್ನು ವಿವಾಹವಾದನು. ೧೮೪೨ರಲ್ಲಿ ಅವಳಿಗೆ ಕ್ಷಯರೋಗವು ಕಾಣಿಸಿತು. ಐದು ವರ್ಷ ನರಳಿ ೧೮೪೭ರ ಜನವರಿಯಲ್ಲಿ ಮೃತಳಾದಳು. ಈ ನಡುವೆ ೧೮೪೫ರಲ್ಲಿ ಪ್ರಕಟವಾದ ‘ದಿ ರೇವನ್’ ಎಂಬ ಕವಿತೆಯು ಕೀರ್ತಿಯನ್ನು ತಂದಿತು, ಹಣವನ್ನು ತರಲಿಲ್ಲ. ೧೮೪೯ರ ಅಕ್ಟೋಬರ್ ೩ರಂದು ಬಾಲ್ಟಿಮೋರ್ ನಗರದಲ್ಲಿ ಪರರ ಕಣ್ಣಿಗೆ ದೀನಸ್ಥಿತಿಯಲ್ಲಿ ಬಿದ್ದ ಪೋ, ೭ರಂದು ತನ್ನ ನಲವತ್ತನೆಯ ವಯಸ್ಸಿನಲ್ಲಿ ಕಾಲವಾದನು. ಮರಣಕಾರಣವು ಇಂದಿಗೂ ನಿರ್ಣಯವಾಗಿಲ್ಲ.

ಎರಡೇ ದಿನಗಳಲ್ಲಿ ರೂಫಸ್ ಗ್ರಿಸ್ವೋಲ್ಡ್ ಎಂಬ ಸಾಹಿತಿಯು ‘ಲುಡ್ವಿಗ್’ ಎಂಬ ಸುಳ್ಳು ಹೆಸರಿನಲ್ಲಿ ಮರಣವಾರ್ತೆಯನ್ನು ಬರೆದು ಪೋನನ್ನು ನಿಂದಿಸಿದನು. ಬುಲ್ವರ್ ಲಿಟ್ಟನ್ನನ ಕಾದಂಬರಿಯೊಂದರಲ್ಲಿ ಬರುವ ಪಾತ್ರದ ವರ್ಣನೆಯನ್ನೇ ಎತ್ತಿ ಪೋನಿಗೆ ಹೊಂದಿಸಿದನು! ೧೮೫೦ರಲ್ಲಿ ಅವನೇ ಬರೆದ ಚರಿತ್ರೆಯಲ್ಲಿ ಪೋನ ಪತ್ರಗಳನ್ನೂ ತಿದ್ದಿದ್ದನೆಂಬುದನ್ನು, ೧೯೪೧ರಲ್ಲಿ ಆರ್ಥರ್ ಹಾಬ್ಸನ್ ಕ್ವಿನ್ ಎಂಬ ವಿದ್ವಾಂಸನು ಮೂಲಗಳೊಡನೆ ಹೋಲಿಸಿ ತೋರಿಸಿಕೊಟ್ಟನು. ಮದ್ಯಪಾನದ ದೌರ್ಬಲ್ಯವು ಪೋನಲ್ಲಿದ್ದುದು ನಿಜ. ಆದರೆ ಗ್ರಿಸ್ವೋಲ್ಡನ ಮಾತು ಲೋಕಕ್ಕೆ ರುಚಿಸಿದುದು ಅದೊಂದರಿಂದಲೇ ಅಲ್ಲ. ಪೋನ ಕಥೆಗಳಲ್ಲಿ ಹುಚ್ಚರೂ ಕೊಲೆಗಾರರೂ ‘ನಾನು’ ಎಂದು ತಾವೇ ಮಾತನಾಡುತ್ತಾರೆ. ಆ ‘ನಾನು’ ಕವಿಯೇ ಎಂದು ಓದುಗರು ಭ್ರಮಿಸಿದರು.

ಕಥೆಗಳನ್ನು ಪರಿಶೀಲಿಸಿದರೆ ತೋರುವುದು ಬೇರೆ. ನಾಟ್ಯಶಾಸ್ತ್ರವು ಭಯಾನಕಕ್ಕೆ ವಿಕೃತಧ್ವನಿ, ಭೂತದರ್ಶನ, ಶೂನ್ಯಗೃಹ ಮೊದಲಾದವನ್ನು ವಿಭಾವಗಳಾಗಿ ಹೇಳಿದೆ. ೧೮೩೯ರ ‘ಅಷರ್ ಮನೆತನದ ಪತನ’ದಲ್ಲಿ ಪಾಳುಬೀಳುತ್ತಿರುವ ಮನೆಯೇ ವಿಭಾವ. ೧೮೪೩ರ ‘ದಿ ಟೆಲ್-ಟೇಲ್ ಹಾರ್ಟ್’ ಕಥೆಯಲ್ಲಾದರೋ ಭೂತವೂ ಇಲ್ಲ, ಪಾಳುಮನೆಯೂ ಇಲ್ಲ. ಮುದುಕನೊಬ್ಬನನ್ನು ಕೊಂದು ನೆಲದ ಹಲಗೆಗಳಡಿ ಹೂತವನು, ತನಗೆ ಬುದ್ಧಿ ನೆಟ್ಟಗಿದೆಯೆಂದು ವಾದಿಸುತ್ತ, ಸತ್ತವನ ಹೃದಯದ ಬಡಿತವನ್ನು ಕೇಳುತ್ತಾನೆ. ಶಂಕೆ, ಆವೇಗ, ಉನ್ಮಾದ ಎಂಬ ಸಂಚಾರಿಗಳು ಒಂದನ್ನೊಂದು ಬೆಳೆಸುತ್ತವೆ; ಭಯದ ಕಾರಣವು ಹೊರಗಿನಿಂದ ಹೇಳುವವನ ಚಿತ್ತಕ್ಕೇ ಸರಿಯುತ್ತದೆ. ಇದು ಹುಚ್ಚನ ಪ್ರಲಾಪವಲ್ಲ, ಹುಚ್ಚನ ಪ್ರಲಾಪವನ್ನು ಅಳೆದು ಕಟ್ಟಿದವನ ಕೆಲಸ. ಸಣ್ಣಕಥೆಯ ಪ್ರತಿಯೊಂದು ಮಾತೂ ಮೊದಲೇ ಸಂಕಲ್ಪಿಸಿದ ಒಂದೇ ಪರಿಣಾಮಕ್ಕೆ ಅಂಗವಾಗಿರಬೇಕೆಂದು ಪೋ ೧೮೪೨ರಲ್ಲಿ ಹಾಥಾರ್ನನ ಕಥೆಗಳ ವಿಮರ್ಶೆಯಲ್ಲಿ ಪ್ರತಿಪಾದಿಸಿದ್ದನು. ಅಂಗಿರಸದ ವಿಚಾರವನ್ನು ಬಲ್ಲವರಿಗೆ ಈ ಮತವು ಅಪರಿಚಿತವೆನಿಸದು.

ಪೋನ ಪ್ರಭಾವವು ಹರಡಿದುದೂ ಈ ರಚನಾಕೌಶಲದಿಂದಲೇ. ಫ್ರಾನ್ಸಿನಲ್ಲಿ ಬೋದಿಲೇರನು ೧೮೫೬ರಿಂದ ಅವನ ಕಥೆಗಳ ಅನುವಾದಗಳನ್ನು ಗ್ರಂಥರೂಪದಲ್ಲಿ ಹೊರತಂದನು. ‘ದಿ ರೇವನ್’ ಅನ್ನು ಮಲಾರ್ಮೆಯು ೧೮೭೫ರಲ್ಲಿ ಅನುವಾದಿಸಿದನು. ಪೋ ೧೮೪೧ರಲ್ಲಿ ಸೃಷ್ಟಿಸಿದ ದುಪ್ಯಾನ್ ಎಂಬ ಪಾತ್ರದಿಂದ ಪತ್ತೇದಾರಿ ಕಥೆಗೆ ಮೇಲ್ಪಂಕ್ತಿ ದೊರೆಯಿತು. ಭಯಾನಕಸಾಹಿತ್ಯವನ್ನು ಕುರಿತ ೧೯೨೭ರ ಪ್ರಬಂಧದಲ್ಲಿ ಲವ್‌ಕ್ರಾಫ್ಟನು ಪೋನಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. ಜಪಾನಿನ ಕಥಾಕಾರನೊಬ್ಬನು ಪೋನ ಹೆಸರನ್ನೇ ತನ್ನ ಭಾಷೆಯ ಉಚ್ಚಾರಣೆಗೆ ಒಗ್ಗಿಸಿ ‘ಎದೊಗಾವಾ ರಂಪೊ’ ಎಂಬ ಕಾವ್ಯನಾಮವನ್ನು ಧರಿಸಿದನು.

ಕ್ರೌಂಚವಧೆಯ ಪ್ರಸಂಗವನ್ನು ವಿಚಾರಿಸುತ್ತ ಅಭಿನವಗುಪ್ತನು ಲೋಚನದಲ್ಲಿ, ಆ ಶೋಕವು ಮುನಿಯ ಸ್ವಂತ ಶೋಕವೆಂದು ತಿಳಿಯಬಾರದೆನ್ನುತ್ತಾನೆ. ಸ್ವಂತ ದುಃಖದಲ್ಲಿ ಬೇಯುವವನಿಗೆ ಆ ರಸಾವಸ್ಥೆಯಿಲ್ಲವೆಂಬುದು ಅವನ ಅಭಿಪ್ರಾಯ. ಪೋನ ಬಾಳಿನಲ್ಲಿ ದುಃಖವು ಹೇರಳವಾಗಿತ್ತು. ಅದು ಕಥೆಗಳಿಗೆ ಸಾಮಗ್ರಿಯನ್ನು ಒದಗಿಸಿರಲೂಬಹುದು. ಆದರೆ ಅನಾಥರೂ ಸಾಲಗಾರರೂ ಆದವರೆಲ್ಲರೂ ಇಂತಹ ಕಥೆಗಳನ್ನು ಬರೆಯಲಿಲ್ಲ. ಪೋನನ್ನು ಪಾಠಹೇಳುವವರು ಕಥೆಯ ಕಟ್ಟನ್ನು ಮೊದಲು ಬಿಡಿಸಿ ತೋರಿಸಿ, ಜೀವನಚರಿತ್ರೆಯನ್ನು ಅನಂತರ ಹೇಳುವುದು ಯುಕ್ತ. ಈ ಕ್ರಮವು ತಲೆಕೆಳಗಾದುದರಿಂದಲೇ ಗ್ರಿಸ್ವೋಲ್ಡನ ಮಾತು ತೊಂಬತ್ತು ವರ್ಷಗಳ ಕಾಲ ಬಾಳಿತು.