ಸಲ್ಲೇಖನ

ಗುರುವಿನ ಅನುಮತಿ ಪಡೆದು, ಕ್ರೋಧಲೋಭಾದಿ ಕಷಾಯಗಳನ್ನೂ ಆಹಾರವನ್ನೂ ತೊರೆದು ಮರಣವನ್ನು ಎದುರುಗೊಳ್ಳುವ ಜೈನ ವ್ರತ. ಸಮಾಧಿಮರಣ, ಸನ್ಯಸನ ಎಂದೂ ಹೆಸರು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಪರಿಹಾರವಿಲ್ಲದ ಉಪಸರ್ಗ (ವಿಪತ್ತು), ಕ್ಷಾಮ, ಮುಪ್ಪು, ರೋಗಗಳಲ್ಲಿ ಮಾತ್ರ ಇದನ್ನು ಒಪ್ಪುತ್ತದೆ. ತತ್ತ್ವಾರ್ಥಸೂತ್ರದ ಪ್ರಕಾರ ಸಾವನ್ನು ಬಯಸುವುದೂ ಈ ವ್ರತಕ್ಕೆ ದೋಷ. ಆತ್ಮಹತ್ಯೆಯಿಂದ ಇದನ್ನು ಬೇರೆ ಮಾಡುವ ಗೆರೆ ಇದೇ.

ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ ಸುಮಾರು 600ರಿಂದ ಇಂಥ ಮರಣಗಳ ಶಾಸನಗಳಿವೆ. ರಾಷ್ಟ್ರಕೂಟ ನಾಲ್ಕನೆಯ ಇಂದ್ರ 982ರಲ್ಲಿ ಇಲ್ಲಿಯೇ ದೇಹ ಬಿಟ್ಟ. ಹೊಯ್ಸಳ ರಾಣಿ ಶಾಂತಲೆ 1131ರಲ್ಲಿ ತೀರಿಕೊಂಡ ಬಳಿಕ ತಾಯಿ ಮಾಚಿಕಬ್ಬೆ ಗುರುಗಳ ಸಮ್ಮುಖದಲ್ಲಿ ಸನ್ಯಸನ ಕೈಗೊಂಡಳು. ಶಾಸನ ಅವಳ ಧೈರ್ಯವನ್ನು ಹೊಗಳುತ್ತದೆ. ಮಗಳನ್ನು ಕಳೆದುಕೊಂಡ ತಾಯಿಯ ಸಂಕಟ ಅದರ ಹಿಂದೆ ಇಲ್ಲವೆನ್ನಲಾಗದು. ಶಾಸ್ತ್ರದ ಗೆರೆ ಇಲ್ಲಿ ಮಸುಕಾಗುತ್ತದೆ.

2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಈ ವ್ರತವನ್ನು ಆತ್ಮಹತ್ಯೆಯೆಂದು ಪರಿಗಣಿಸಿ ಅಪರಾಧವೆಂದಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಸರ್ಕಾರ ಆರೈಕೆ ಒದಗಿಸಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ.

ನೊಂದ ಮನಸ್ಸಿಗೆ ಈ ವ್ರತ ಉತ್ತರವಲ್ಲ. ಬದುಕು ಭಾರವೆನಿಸಿದರೆ, ನಿಮ್ಹಾನ್ಸ್ ಮಾರ್ಗದರ್ಶನದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತನಾಡಬಹುದು.