ಜಾಲರಿಯಲ್ಲಿ ಸಿಕ್ಕ ಲೋಹ: ಬೆಂಗಳೂರಿನಲ್ಲಿ ವಿಮಾನ ಎಂಜಿನ್ ದುರಸ್ತಿ

ವಿಮಾನದ ಎಂಜಿನ್ ಬಿಚ್ಚಿ, ಕೆಟ್ಟದ್ದೇನೆಂದು ಕಂಡುಹಿಡಿದು ಮತ್ತೆ ಜೋಡಿಸುವ ಕಸುಬು ಬೆಂಗಳೂರಿನಲ್ಲಿ ಬೇರೂರಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪಿಸಿದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ವಿಮಾನ ಕಟ್ಟಲೆಂದು ಹುಟ್ಟಿದ ಕಾರ್ಖಾನೆ ಅದು. ಜಪಾನೀಯರು ಬರ್ಮಾ ಹಿಡಿದ ಮೇಲೆ ಇರುವ ವಿಮಾನಗಳನ್ನು ಹಾರಾಟಕ್ಕೆ ಸಜ್ಜಾಗಿಡುವುದೇ ಹೆಚ್ಚು ತುರ್ತಾಯಿತು. 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಗಿ 84ನೇ ಏರ್ ಡಿಪೋ ಎನಿಸಿತು. ದುರಸ್ತಿಗೆ ಬರುವ ಕ್ಯಾಟಲೀನಾ ಹಾರುದೋಣಿಗಳು ಬೆಳ್ಳಂದೂರು ಕೆರೆಯಲ್ಲೇ ಬಂದಿಳಿಯುತ್ತಿದ್ದವು.

ಕ್ಯಾಟಲೀನಾಕ್ಕೂ ಡಕೋಟಾ ಸಾಗಣೆ ವಿಮಾನಕ್ಕೂ ಇದ್ದದ್ದು ಪ್ರಾಟ್ ಅಂಡ್ ವಿಟ್ನಿಯ ಟ್ವಿನ್ ವಾಸ್ಪ್ ಎಂಜಿನ್: ಏಳೇಳರ ಎರಡು ಸುತ್ತುಗಳಲ್ಲಿ 14 ಸಿಲಿಂಡರ್, ಸುಮಾರು 1200 ಅಶ್ವಶಕ್ತಿ. ಮೊದಲ ಮಹಾಯುದ್ಧದ ರೋಟರಿ ಎಂಜಿನ್ನುಗಳಲ್ಲಿ ಸಿಲಿಂಡರುಗಳೇ ಪ್ರೊಪೆಲ್ಲರಿನ ಜೊತೆ ಗಿರಗಿರನೆ ತಿರುಗುತ್ತಿದ್ದವು. ಒಳಗೆ ಹೋದ ಹರಳೆಣ್ಣೆ ಹೊರಗೆ ಚೆಲ್ಲಿಹೋಗುತ್ತಿತ್ತು. ಟ್ವಿನ್ ವಾಸ್ಪ್‌ನಲ್ಲಿ ಸಿಲಿಂಡರುಗಳು ಕದಲುವುದಿಲ್ಲ, ಎಣ್ಣೆ ಟ್ಯಾಂಕಿನಿಂದ ಹೊರಟು ಟ್ಯಾಂಕಿಗೇ ಮರಳುತ್ತದೆ. ಹಾಗೆ ಮರಳುವುದರಿಂದಲೇ ಎಂಜಿನ್ನಿನೊಳಗಿನ ಸಮಾಚಾರ ಹೊರಗೆ ತಿಳಿಯುತ್ತದೆ.

ಪ್ರತಿ ಸುತ್ತಿನಲ್ಲಿ ಒಂದು ಮುಖ್ಯ ಕನೆಕ್ಟಿಂಗ್ ರಾಡ್. ಉಳಿದ ಆರು ಅದಕ್ಕೇ ಕೀಲುಗೊಂಡಿರುತ್ತವೆ. ಏಳು ಸಿಲಿಂಡರುಗಳ ಬಲವೆಲ್ಲ ಒಂದೇ ಬೇರಿಂಗಿನ ಮೇಲೆ. ಆ ಬೇರಿಂಗನ್ನೂ ಕ್ರ್ಯಾಂಕ್‌ಶಾಫ್ಟನ್ನೂ ಒಂದಕ್ಕೊಂದು ತಾಗದಂತೆ ಕಾಯುವುದು ಎಣ್ಣೆಯ ತೆಳು ಪದರ. ಎಣ್ಣೆಯ ಒತ್ತಡ ಕುಸಿದರೆ ಸಾಮಾನ್ಯವಾಗಿ ಮೊದಲು ಏಟು ತಿನ್ನುವ ಭಾಗಗಳಲ್ಲಿ ಈ ಬೇರಿಂಗೂ ಒಂದು.

ಒತ್ತಡ ಇಳಿದಿದೆ ಎಂದು ಮುಳ್ಳು ತೋರಿಸಿದ ಮಾತ್ರಕ್ಕೆ ಎಂಜಿನ್ ಕೆಟ್ಟಿದೆ ಎಂದು ತೀರ್ಮಾನಿಸುವಂತಿಲ್ಲ, ಮೀಟರೇ ತಪ್ಪಿರಬಹುದು. ಒತ್ತಡ ಇಳಿಯುವಾಗಲೇ ಎಣ್ಣೆಯ ಬಿಸಿಯೂ ಏರಿದ್ದರೆ ಸಂಶಯ ಬಲವಾಗುತ್ತದೆ. ಆಗ ಎಣ್ಣೆ ಸೋಸುವ ಜಾಲರಿ ಬಿಚ್ಚಿ, ಅದರಲ್ಲಿ ನಿಂತ ಕಸರನ್ನು ತೊಳೆದು ನೋಡಬೇಕು. ಅಯಸ್ಕಾಂತಕ್ಕೆ ಅಂಟಿದ್ದು ಉಕ್ಕು, ಎಂದರೆ ಗೇರ್ ಅಥವಾ ಪಿಸ್ಟನ್ ರಿಂಗಿನಂಥ ಭಾಗದ್ದು. ಹಗುರವಾದ ಬಿಳಿ ಚೂರು ಪಿಸ್ಟನ್ನಿನ ಅಲ್ಯೂಮಿನಿಯಂ. ಹಳದಿ ಕೆಂಪು ಛಾಯೆಯದು ಕಂಚಿನ ಬುಶ್ಶು. ಹೊಳೆಯುವ ಬೆಳ್ಳಿಯ ಪದರಗಳು ಕಂಡರೆ ಮಾತ್ರ ಹೆಚ್ಚು ಯೋಚಿಸಬೇಕಾಗಿಲ್ಲ: ಮುಖ್ಯ ರಾಡಿನ ಬೇರಿಂಗಿಗೆ ಬೆಳ್ಳಿಯ ಲೇಪವಿರುತ್ತದೆ, ಅದು ಸುಲಿದಿದೆ. ಅಂಥ ಎಂಜಿನ್ ಇಳಿಸಲೇಬೇಕು.

ಎಂಜಿನ್ ಬದಲಿಸಿದರಷ್ಟೇ ಸಾಲದು. ಚೂರುಗಳು ಆಯಿಲ್ ಕೂಲರ್, ಟ್ಯಾಂಕ್, ಕೊಳವೆಗಳಲ್ಲೂ, ಎಂಜಿನ್ ಎಣ್ಣೆಯಿಂದಲೇ ನಡೆಯುವ ಪ್ರೊಪೆಲ್ಲರಿನ ಗುಂಬಜಿನಲ್ಲೂ ಅಡಗಿರುತ್ತವೆ. ಅವನ್ನು ತೊಳೆಯದೆ ಹೊಸ ಎಂಜಿನ್ ಕೂರಿಸಿದರೆ ಹಳೆಯ ಲೋಹ ಹೊಸ ಬೇರಿಂಗನ್ನು ತಿನ್ನುತ್ತದೆ. ದುರಸ್ತಿಯಲ್ಲಿ ಅತಿ ದುಬಾರಿಯಾಗುವ ಅಸಡ್ಡೆ ಇದೇ.

ಇಳಿಸಿದ ಎಂಜಿನ್ನನ್ನು ಪೂರ್ತಿ ಬಿಚ್ಚಿ, ತೊಳೆದು, ಸವೆತವನ್ನು ಮೈಕ್ರೋಮೀಟರಿನಿಂದ ಅಳೆಯುವುದು ಮುಂದಿನ ಹಂತ. ಉಕ್ಕಿನ ಭಾಗಗಳನ್ನು ಅಯಸ್ಕಾಂತವಾಗಿಸಿ ಕಬ್ಬಿಣದ ನುಣ್ಣನೆಯ ಪುಡಿ ಸೋಕಿಸಿದರೆ, ಕಣ್ಣಿಗೆ ಕಾಣದ ಬಿರುಕಿನ ಗುಂಟ ಪುಡಿ ಗೆರೆಯಾಗಿ ನಿಲ್ಲುತ್ತದೆ. ಕೊನೆಗೆ ಎಂಜಿನ್ನನ್ನು ಪರೀಕ್ಷಾ ಪೀಠದಲ್ಲಿ ಓಡಿಸಿ, ಜಾಲರಿಯನ್ನು ಮತ್ತೊಮ್ಮೆ ನೋಡಬೇಕು.

ಯುದ್ಧ ಮುಗಿದ ಮೇಲೆ ಕಾರ್ಖಾನೆ ಭಾರತಕ್ಕೆ ಮರಳಿತು. ಅದರ ಚರಿತ್ರೆ ಹೇಳುವವರು ಕಟ್ಟಿದ ವಿಮಾನಗಳನ್ನೇ ಎಣಿಸುತ್ತಾರೆ. ಎಂಜಿನ್ ಬಿಚ್ಚಿ ಕಲಿತ ವಿದ್ಯೆಗೂ ಅಷ್ಟೇ ಪಾಲು ಸಲ್ಲಬೇಕು. 1961ರಲ್ಲಿ ಮೊದಲು ಹಾರಿದ ಮಾರುತ್ ಯುದ್ಧವಿಮಾನದ ಆರ್ಫಿಯಸ್ ಜೆಟ್ ಎಂಜಿನ್ನುಗಳು ಬೆಂಗಳೂರಿನಲ್ಲೇ ತಯಾರಾದವು. ಇಂದಿನ ಜೆಟ್ ಎಂಜಿನ್ನುಗಳ ಎಣ್ಣೆಯ ಹಾದಿಯಲ್ಲೂ ಉಕ್ಕಿನ ಚೂರು ಹಿಡಿಯುವ ಅಯಸ್ಕಾಂತದ ಪ್ಲಗ್ ಇದ್ದೇ ಇರುತ್ತದೆ.