ಬೀಟೆಯೊಳಗಿನ ಬಿಳಿ

ಉಲ್ಹಾಸನಗರ, ಕಲ್ಯಾಣ, ಡೊಂಬಿವಲಿ ಕಡೆಯ ಕನ್ನಡಿಗರ ಮನೆಗೆ ಹೋದರೆ ಹಾಲ್‌ನ ಗೋಡೆಯ ಮೇಲೆ ಮೈಸೂರಿನ ಫಲಕವೊಂದು ಕಾಣುವುದುಂಟು. ಕಪ್ಪು ಬೀಟೆ ಮರದ ಹಲಗೆ, ಅದರಲ್ಲಿ ಕೂರಿಸಿದ ದಸರಾ ಆನೆ. ಮಕ್ಕಳು ಅಮೆರಿಕಕ್ಕೋ ಜರ್ಮನಿಗೋ ಹೊರಟರೆ ಅಂಥದೇ ಇನ್ನೊಂದನ್ನು ಸೂಟ್‌ಕೇಸಿಗೆ ಹಾಕಿ ಕಳಿಸುತ್ತೇವೆ. ಆ ಆನೆಯ ಬಿಳಿ ಕೋರೆ ಯಾವುದರಿಂದ ಮಾಡಿದ್ದು ಎಂದು ಯಾರೂ ಕೇಳುವುದಿಲ್ಲ. ವಿಮಾನ ನಿಲ್ದಾಣದ ಕಸ್ಟಮ್ಸ್‌ನವರಿಗೆ ಬೇಕಾಗುವುದು ಮಾತ್ರ ಅದೇ ಪ್ರಶ್ನೆ.

ಒಂದು ಕಾಲದಲ್ಲಿ ಉತ್ತರ ಸುಲಭವಿತ್ತು: ದಂತ. 1897ರ ಬೆಂಕಿಯ ನಂತರ ಕಟ್ಟಿ 1912ರಲ್ಲಿ ಮುಗಿದ ಮೈಸೂರು ಅರಮನೆಯ ಅಂಬಾವಿಲಾಸದಲ್ಲಿ ಬೀಟೆಗೆ ದಂತ ಕೂರಿಸಿದ ಬಾಗಿಲನ್ನು ಈಗಲೂ ನೋಡಬಹುದು. ಕಾಗದದ ಮೇಲೆ ಚಿತ್ರ ಬರೆದು, ಸಣ್ಣ ಗರಗಸದಿಂದ ಚೂರುಗಳನ್ನು ಕತ್ತರಿಸಿ, ಬೀಟೆಯಲ್ಲಿ ಅಷ್ಟೇ ಆಳದ ಕುಳಿ ತೋಡಿ, ಅಂಟಿಸಿ, ಉಜ್ಜಿ ನಯ ಮಾಡುವ ಕೆಲಸ ಇದು. ಮಂಡಿ ಮೊಹಲ್ಲಾದ ಕುಶಲಕರ್ಮಿಗಳು ಇದನ್ನು ತಲೆಮಾರುಗಳಿಂದ ಮಾಡುತ್ತ ಬಂದವರು.

ಅದೇ ಊರಿನಿಂದ ಹೊರಟ ಇನ್ನೊಂದು ನೆನಪಿನ ಕಾಣಿಕೆಯೂ ಇತ್ತು. ವ್ಯಾನ್ ಇಂಗೆನ್ ಕುಟುಂಬದ ಕಾರ್ಖಾನೆಯಲ್ಲಿ ಮಹಾರಾಜರು, ಬ್ರಿಟಿಷ್ ಅಧಿಕಾರಿಗಳು, ಪ್ರವಾಸಿ ಬೇಟೆಗಾರರು ಹೊಡೆದ ಹುಲಿ ಚಿರತೆಗಳ ಚರ್ಮ ತುಂಬಿ ನಿಲ್ಲಿಸುತ್ತಿದ್ದರು. ಬೇಟೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೊನೆ ಹಾಡಿತು. ಕಾರ್ಖಾನೆ ಕುಂಟುತ್ತ ಸಾಗಿ 1999ರಲ್ಲಿ ಮುಚ್ಚಿತು. ಸತ್ತ ಹುಲಿಗೆ ಬದಲಿ ವಸ್ತು ಇಲ್ಲವಲ್ಲ. ನನಗಂತೂ ಇದಕ್ಕಾಗಿ ದುಃಖವಿಲ್ಲ.

ದಂತದ ಬಾಗಿಲು ಮುಚ್ಚಿದ್ದು ನಿಧಾನವಾಗಿ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದ ಜಾರಿಗೆ ಬಂದದ್ದು 1975ರಲ್ಲಿ. ಮರುವರ್ಷ ಭಾರತವೂ ಸೇರಿತು. 1977ರಲ್ಲಿ ನಮ್ಮ ಆನೆ ಕಾಯ್ದೆಯ ಮೊದಲ ಪಟ್ಟಿಗೆ ಏರಿತು. 1986ರ ತಿದ್ದುಪಡಿ ಭಾರತೀಯ ದಂತದ ವ್ಯಾಪಾರವನ್ನು ನಿಷೇಧಿಸಿದರೂ ಆಮದಾದ ಆಫ್ರಿಕಾದ ದಂತಕ್ಕೆ ಕಿಂಡಿ ಉಳಿಯಿತು. ಕೆತ್ತಿ ನಯ ಮಾಡಿದ ಚೂರನ್ನು ನೋಡಿ ಇದು ಬಂಡೀಪುರದ್ದೋ ಆಫ್ರಿಕಾದ್ದೋ ಎಂದು ಅಂಗಡಿಯಲ್ಲಿ ನಿಂತು ಹೇಳುವವರು ಯಾರು? ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಇದು ಪರೀಕ್ಷಿಸಲಾಗದ ನಿಯಮ. 1991ರ ತಿದ್ದುಪಡಿ ಆ ಕಿಂಡಿಯನ್ನೂ ಮುಚ್ಚಿತು. ಮಂಡಿ ಮೊಹಲ್ಲಾದ ಕೈಗಳು ಬಣ್ಣಬಣ್ಣದ ಮರಗಳಿಗೆ, ಬಿಳಿಗೆ ಪ್ಲಾಸ್ಟಿಕ್‌ಗೆ ಹೊರಳಿದವು. ಇವತ್ತಿನ ಫಲಕದ ಕೋರೆ ಸಾಮಾನ್ಯವಾಗಿ ಅದೇ. ಅದನ್ನು ನಕಲಿ ಎಂದು ಮೂಗು ಮುರಿಯುವವರಿದ್ದಾರೆ. ನಾನು ಹಾಗೆನ್ನಲಾರೆ, ಕಲೆ ಬದುಕಿದ್ದೇ ಅದರಿಂದ.

ಅಷ್ಟಕ್ಕೇ ಮುಗಿಯಲಿಲ್ಲ. 2017ರ ಜನವರಿ 2ರಿಂದ ಬೀಟೆಯನ್ನೂ ಒಳಗೊಂಡ ಇಡೀ ಡಾಲ್ಬರ್ಜಿಯಾ ಕುಲ ಸೈಟಿಸ್‌ನ ಎರಡನೇ ಪಟ್ಟಿ ಸೇರಿತು. ಚೀನಾದ ಪೀಠೋಪಕರಣದ ಹಸಿವು ಬೇರೆ ಬೇರೆ ದೇಶಗಳ ಕಾಡು ನುಂಗುತ್ತಿತ್ತು, ಪೆಟ್ಟು ನಮ್ಮ ಕರಕುಶಲದ ಮೇಲೂ ಬಿತ್ತು. ಇಂಥ ಮರದ ಕರಕುಶಲ ವಸ್ತುಗಳ ರಫ್ತು ವರ್ಷಕ್ಕೆ ಸುಮಾರು 1,000 ಕೋಟಿ ರೂಪಾಯಿಯಿಂದ 500-600 ಕೋಟಿಗೆ ಇಳಿಯಿತೆಂದು ಕೇಂದ್ರ ಸರ್ಕಾರದ ಅಂದಾಜು. 10 ಕಿಲೋವರೆಗಿನ ಸಿದ್ಧ ವಸ್ತುವಿಗೆ ವಿನಾಯಿತಿಯಿದೆ. ಆ ತೂಕವನ್ನು ಪ್ರತಿ ವಸ್ತುವಿಗೆ ಪ್ರತ್ಯೇಕವಾಗಿ ನೋಡಬೇಕೆಂದು 2022ರ ಪನಾಮಾ ಸಭೆಯಲ್ಲಿ ಭಾರತ ಸ್ಪಷ್ಟನೆ ಪಡೆಯಿತು. ಹಾಗಾಗಿ ಗೋಡೆಯ ಫಲಕಕ್ಕೆ ಈಗ ಸೈಟಿಸ್ ಅಡ್ಡಿಯಿಲ್ಲ.

ಅಲ್ಲಿಂದ ಇಲ್ಲಿಗೆ ತರುವವರಿಗೂ ಒಂದು ಮಾತು: ಅಂಗಡಿಯ ರಶೀದಿ ಪರವಾನಗಿ ಅಲ್ಲ. ಥಾಯ್ಲೆಂಡಿನಲ್ಲಿ ನೋಂದಾಯಿತ ಸಾಕಾನೆಯ ದಂತವನ್ನು ದೇಶದೊಳಗೆ ಮಾರುವುದು ಕಾನೂನುಬದ್ಧ. ಅದೇ ಬಳೆ ಮುಂಬೈಯಲ್ಲಿ ಇಳಿದರೆ ಅಪರಾಧ. ಇಲ್ಲಿಂದ ಹೋಗುವಾಗ ನವಿಲುಗರಿಯೂ ಹಾಗೆಯೇ: ತಾನಾಗಿ ಉದುರಿದ್ದನ್ನು ದೇಶದೊಳಗೆ ಇಟ್ಟುಕೊಳ್ಳಬಹುದು, ರಫ್ತು ಮಾಡುವಂತಿಲ್ಲ. ಕೃಷ್ಣನ ಮೂರ್ತಿಗೆಂದು ಒಯ್ಯುವವರು ಗಮನಿಸಿ.

ಕಷ್ಟವಾಗುವುದು ಅಜ್ಜನ ಕಾಲದ ದಂತದ ಪೆಟ್ಟಿಗೆಯ ಮನೆಯವರಿಗೆ. ಘೋಷಿಸಿಕೊಳ್ಳಲು ಸರ್ಕಾರ 2003ರಲ್ಲಿ 180 ದಿನ ಕೊಟ್ಟಿತ್ತು. ಮಾಲೀಕತ್ವದ ಪ್ರಮಾಣಪತ್ರವಿದ್ದರೂ ಅದನ್ನು ಮಾರುವಂತಿಲ್ಲ, ವಾರಸುದಾರರಿಗಷ್ಟೇ ಹೋಗಬಹುದು. ಆ ವಾರಸುದಾರ ಇರುವುದು ನ್ಯೂಜೆರ್ಸಿಯಲ್ಲಾದರೆ? ಅಜ್ಜಿಯ ಸೀರೆ ಹೋಗುತ್ತದೆ, ತಾಮ್ರದ ಚೊಂಬು ಹೋಗುತ್ತದೆ. ಪೆಟ್ಟಿಗೆ ಇಲ್ಲಿಯೇ ಇರುತ್ತದೆ.